ಜೋರು ಮಾತಿನವರು

ಗಂಗಾವತಿಯ ಬಸ್ಸಿಗೆ ನಾವು ಹತ್ತಿದರೆ
ಕಂಡಕ್ಟರ್ ತಿರುಗಿ ನೋಡದೆಯೇ ಹೇಳುತ್ತಾನೆ:
"ದಬದಬಿಯವ್ರು ಬಂದ್ರು, ಮುಂದಕ್ಕ ಸರೀರಿ."
ಗುರುತು ಮುಖದ್ದಲ್ಲ, ಗಂಟಲಿನದು.
ಮೊಳ ದೂರ ಕೂತವರ ಜೊತೆಗೂ ನಾವು
ಹೊಳೆಯ ಆಚೆ ದಂಡೆಗೆ ಕೂಗಿದಂತೆ ಮಾತಾಡುತ್ತೇವೆ.
ಹೊಸದಾಗಿ ಬಂದ ಸೊಸೆಯರು ಮೊದಲ ವಾರ ಅಳುತ್ತಾರೆ,
ಈ ಮನೆಯಲ್ಲಿ ಜಗಳ ನಿಲ್ಲುವುದೇ ಇಲ್ಲವೆಂದು.

ಜಗಳವಲ್ಲ ತಾಯಿ. ಅದು ಉಪ್ಪು ಕೇಳಿದ್ದು.

ತುಂಗಭದ್ರೆ ಇಲ್ಲಿ ಬಂಡೆಯಿಂದ ಬಂಡೆಗೆ ಧುಮುಕುತ್ತಿದ್ದಳು,
ಮೂರಾಳೆತ್ತರ, ಅಷ್ಟೇ. ಹೆಸರಾಗುವ ಎತ್ತರವಲ್ಲ.
ರಾಯಚೂರಿನಿಂದ ಬಂದ ಮೂಲಚಂದ ಸೇಠ್
ಅದನ್ನು ಕಿವಿಯಿಂದ ಕೇಳಲಿಲ್ಲ, ಬೆರಳಲ್ಲಿ ಎಣಿಸಿದ:
ಇಷ್ಟು ನೀರು, ಇಷ್ಟು ಮೊಳ ಇಳಿತ,
ಇಷ್ಟು ಹತ್ತಿ, ಇಷ್ಟು ಹಾಲಿ ಸಿಕ್ಕಾ.
ಮಿಸ್ತ್ರಿ ಲಾಡ್ಲೆಸಾಬ ಸಾಗವಾನಿಯ ಚಕ್ರ ಕಟ್ಟಿದ.
ಯಂಕೋಬ ಎಮ್ಮೆ ಚರ್ಮದ ಪಟ್ಟಾ ಹೊಲಿದ.
ಮೊದಲು ಜಿನ್ನು, ಆಮೇಲೆ ಶೇಂಗಾ ಎಣ್ಣೆ, ಆಮೇಲೆ ನೆಲ್ಲು.
ಏನು ಮಾಡುತ್ತೀರೆಂದು ಹೊಳೆ ಒಮ್ಮೆಯೂ ಕೇಳಲಿಲ್ಲ.
ಬಿದ್ದಳು, ಎದ್ದಳು, ಹೋದಳು.

ನಮ್ಮಜ್ಜಿ ಹುಲಿಗೆಮ್ಮ ಹನ್ನೊಂದನೆಯ ವಯಸ್ಸಿಗೆ
ಜಿನ್ನಿನ ಬಾಯಿಗೆ ಹತ್ತಿ ಉಣಿಸಲು ಹೋದವಳು.
ಎಡಗಿವಿಗೆ ನೀರು, ಬಲಗಿವಿಗೆ ಯಂತ್ರ;
ಇಪ್ಪತ್ತಾಗುವಷ್ಟರಲ್ಲಿ ಎರಡೂ ಕಿವಿ
ಸೇಠನ ಖಾತೆಗೆ ಜಮಾ.
ಅಲ್ಲಿ ಮಾತೆಲ್ಲ ಕೈಯಲ್ಲಿ:
ಮುಷ್ಟಿ ಬಿಗಿದರೆ ಪಟ್ಟಾ ಹರಿದಿದೆ,
ಎರಡು ಬೆರಳು ಮೂಗಿಗಿಟ್ಟರೆ ಸೇಠ್ ಬಂದ,
ಅಂಗೈ ಹೊಟ್ಟೆಯ ಮೇಲೆ: ಹಸಿವು, ಇಲ್ಲವೇ ಬಸಿರು,
ಯಾವುದೆಂದು ಕಣ್ಣು ನೋಡಿ ತಿಳಿಯಬೇಕು.
ಭೀಮವ್ವನ ಸೆರಗು ರಾಟೆಗೆ ಸಿಕ್ಕ ದಿನ
ಅವಳು ಚೀರಿದಳೋ ಇಲ್ಲವೋ ಯಾರೂ ಹೇಳಲಾರರು.
ಲಾಡ್ಲೆಸಾಬ ಓಡಿಹೋಗಿ ತೂಬು ಇಳಿಸಿದ.
ಚಕ್ರ ನಿಂತಿತು.
ನೀರು ಪಕ್ಕದಲ್ಲೇ ಬೀಳುತ್ತಿತ್ತು, ಎಂದಿನಂತೆ.
ಆ ಸಾವಿಗೆ ಒಂದು ನಿಮಿಷದ ಮೌನವೂ ದಕ್ಕಲಿಲ್ಲ.

ಆಮೇಲೆ ಮೇಲೆ, ಮುನಿರಾಬಾದಿನ ಹತ್ತಿರ, ಕಟ್ಟೆ ಎದ್ದಿತು.
ಒಂದು ಬೇಸಿಗೆಯ ನಸುಕಿನಲ್ಲಿ ಊರಿಗೆ ಊರೇ ಎಚ್ಚರವಾಯಿತು,
ಸದ್ದಿಗಲ್ಲ, ಸದ್ದು ನಿಂತದ್ದಕ್ಕೆ.
ಎಳೆಗೂಸುಗಳು ಮೊದಲು ಅತ್ತವು.
ದನಗಳು ಕಿವಿ ನೆಟ್ಟಗೆ ಮಾಡಿ ನಿಂತವು.
ಗುಂಡಿಗಳಲ್ಲಿ ಮೀನು ಹೊರಳಿದವು, ಹಲಗೆ ಬಿರುಕುಬಿಟ್ಟವು,
ಆದರೂ ಲಾಡ್ಲೆಸಾಬ ಅಚ್ಚಿನ ಕುಣಿಗೆ
ಹರಳೆಣ್ಣೆ ಬಿಡುತ್ತಲೇ ಇದ್ದ, ಹದಿನೇಳು ದಿನ.
ಮುಂದೆ ಕಂಬ ಹೂಳುವವರು ಬಂದರು.
"ನಿಮ್ಮ ಹೊಳೀನ ಬರ್ತೈತಿ ತಗೋ ಸಾಬಾ, ತಂತಿಯೊಳಗ,"
ನಕ್ಕ ಲೈನ್‌ಮನ್.
ಮುದುಕ ಕಂಬವನ್ನು ತಬ್ಬಿ ಕಿವಿ ಹಚ್ಚಿದ. ಬಹಳ ಹೊತ್ತು.
"ಗುಂಯ್ ಅಂತೈತಿ. ಇದು ಹೊಳಿ ಅಲ್ಲಪಾ, ಸೊಳ್ಳಿ."

ಈಗ ಕಾಲುವೆಗುಂಟ ಅಕ್ಕಿ ಗಿರಣಿಗಳು;
ಒಣಹಾಕಿದ ಅಂಗಿಗಳ ಮೇಲೆ ಹೊಟ್ಟಿನ ಬೂದಿ.
ಹಳೆಯದರೊಳಗೆ ಬೇವಿನ ಗಿಡ ಎದ್ದು ತಗಡು ಸೀಳಿದೆ.
ಅಚ್ಚು ಕೂತಿದ್ದ ಕಲ್ಲಿನ ಮೇಲೆ ಅವ್ವ ಕೌದಿ ಒಗೆಯುತ್ತಾಳೆ,
ತಗ್ಗಿನಲ್ಲಿ ಸಾಬೂನಿನ ನೊರೆ ನಿಲ್ಲುತ್ತದೆ, ಅನುಕೂಲವಂತೆ.

ಹೋದ ಶ್ರಾವಣ ಕಟ್ಟೆಯ ಗೇಟು ಎತ್ತಿದರು.
ಮೂರು ದಿನ ದಬದಬಿ ಬಿದ್ದಳು.
ಹುಡುಗರೆಲ್ಲ ಮೊಬೈಲು ಹಿಡಿದು ಬಂಡೆ ಹತ್ತಿದರು.
ತೊಂಬತ್ತು ದಾಟಿದ ಅಜ್ಜಿಯನ್ನು ಹೊರಸಿನ ಸಮೇತ
ದಂಡೆಗೆ ಹೊತ್ತು ತಂದೆವು.
ಅವಳಿಗೆ ಕೇಳಿಸದು. ಕಲ್ಲಿಗೆ ಅಂಗಾಲು ಊರಿ
ನಡುಕ ಹತ್ತಿಸಿಕೊಂಡಳು, ಮೊಣಕಾಲಿನವರೆಗೂ.
ತುಟಿ ಅಲುಗಿತು, ಏನೋ ಹೇಳುತ್ತಿದ್ದಳು,
ಜನ್ಮದಲ್ಲಿ ಮೊದಲ ಬಾರಿಗೆ ಮೆಲ್ಲಗೆ.
ಆ ಅಬ್ಬರದಲ್ಲಿ ನಮಗೆ ಒಂದಕ್ಷರವೂ ಕೇಳಲಿಲ್ಲ.
"ಏನಬೇ?" ಎಂದು ನಾವೆಲ್ಲ ಕೂಗಿದೆವು.

ಅವಳು ಅಂಗೈಯನ್ನು ಹೊಟ್ಟೆಯ ಮೇಲಿಟ್ಟಳು.
ಕಣ್ಣು ನೋಡೋಣವೆಂದರೆ
ಅವು ನೀರಿನ ಕಡೆಗಿದ್ದವು.